ಸ್ವಿಚ್‌ಗೆ ಜ್ವರ ಬಂದರೆ ರೀಲ್ಸ್ ನೋಡುವವರನ್ನು ಬೈಯಬೇಡಿ

ಈ ಸೆಮ್ ಶುರುವಾದಾಗಿನಿಂದ ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ಒಂದು ಸುತ್ತೋಲೆ ನೇತಾಡುತ್ತಿದೆ. ಸ್ವಿಚ್‌ಗಳ ಸಿಪಿಯು ಬಳಕೆ ಶೇ. 99 ಮುಟ್ಟುತ್ತಿದೆ, ಆದ್ದರಿಂದ ವಿದ್ಯಾರ್ಥಿಗಳು ವಿಡಿಯೊ ನೋಡುವುದನ್ನು ಕಡಿಮೆ ಮಾಡಬೇಕು, ಇಲ್ಲದಿದ್ದರೆ ಸಂಜೆ 7ರಿಂದ ರಾತ್ರಿ 11ರ ತನಕ ನೆಟ್ ಬಂದ್ ಮಾಡುತ್ತೇವೆ ಅಂತ ಅದರ ಸಾರಾಂಶ. ಓದಿದವರಲ್ಲಿ ಅರ್ಧ ಜನ ನಕ್ಕು ಮುಂದೆ ಹೋದರು, ಉಳಿದವರು ಪಕ್ಕದ ರೂಮಿನ ಸಿನಿಮಾ ಹುಚ್ಚರನ್ನು ಬೈದುಕೊಂಡರು. ಸುತ್ತೋಲೆಯ ನಡುವೆ ಕೂತಿರುವ ‘ಆದ್ದರಿಂದ’ ಎಂಬ ಪದವನ್ನು ಮಾತ್ರ ಯಾರೂ ಪ್ರಶ್ನೆ ಮಾಡಲಿಲ್ಲ. ಅದೂ ಇಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್ ಹುಡುಗ ಹುಡುಗಿಯರೇ ತುಂಬಿರುವ ಹಾಸ್ಟೆಲ್‌ನಲ್ಲಿ! ನಮಗೆ ಬೇಜಾರಾಗಿದ್ದು ಅದಕ್ಕೇ.

7ರಿಂದ 11 ಅಂದ್ರೆ ಸಣ್ಣ ಹೊತ್ತೇನೂ ಅಲ್ಲ. ಪ್ಲೇಸ್‌ಮೆಂಟಿನ ಆನ್‌ಲೈನ್ ಟೆಸ್ಟುಗಳು ಎಷ್ಟೋ ಸಲ ಕ್ಲಾಸು ಮುಗಿದ ಮೇಲೆ, ಆ ಹೊತ್ತಿಗೇ ಇರುತ್ತವೆ. ಸ್ಕಾಲರ್‌ಶಿಪ್ ಅರ್ಜಿ ತುಂಬುವುದು, ಅಸೈನ್‌ಮೆಂಟ್ ಅಪ್‌ಲೋಡ್ ಮಾಡುವುದು, ಪ್ರಾಜೆಕ್ಟ್ ಮೀಟಿಂಗು ಎಲ್ಲ ಆಗಲೇ. ಡೇಟಾ ಪ್ಯಾಕ್ ಹಾಕಿಸಿಕೊಳ್ಳುವ ಅನುಕೂಲ ಇದ್ದವರು ಹಾಟ್‌ಸ್ಪಾಟ್ ಆನ್ ಮಾಡಿಕೊಂಡು ಪಾರಾಗುತ್ತಾರೆ. ಅದಿಲ್ಲದವರು, ಅಥವಾ ಗೋಡೆ ದಪ್ಪಗಿರುವ ಕೆಳಮಹಡಿಯಲ್ಲಿ ಸಿಗ್ನಲ್ಲೇ ಸಿಗದವರು, ಟೆರೇಸ್ ಹತ್ತಬೇಕು. ಹೀಗೆ ಇಷ್ಟೊಂದು ಜನರ ಸಂಜೆಯನ್ನು ಕಿತ್ತುಕೊಳ್ಳುವ ಮೊದಲು ಕಾರಣ ಸರಿಯಾಗಿದೆಯೇ ಅಂತ ನೋಡಬೇಕಲ್ಲವೇ? ನಾವು ಹೇಳುವುದು ಇಷ್ಟೇ: ಸ್ವಿಚ್ಚಿನ ಸಿಪಿಯು ಏರುವುದಕ್ಕೂ ನಾವು ವಿಡಿಯೊ ನೋಡುವುದಕ್ಕೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲ. ಕಾರಣ ಬೇರೆ ಕಡೆ ಇದೆ, ಅದನ್ನು ಹುಡುಕಿ ಹಿಡಿಯಬಹುದು, ಹುಡುಕುವುದಕ್ಕೆ ಕಾಸೂ ಖರ್ಚಿಲ್ಲ.

ಸ್ವಿಚ್ ಅಂದ್ರೆ ಒಳಗೆ ಇಬ್ಬರು ಕೆಲಸಗಾರರಿರುವ ಪೆಟ್ಟಿಗೆ. ಒಬ್ಬ ಹಾರ್ಡ್‌ವೇರ್ ಚಿಪ್, ಏಸಿಕ್ ಅಂತಾರೆ. ಒಂದು ಪೋರ್ಟಿನಲ್ಲಿ ಬಂದ ಫ್ರೇಮಿನ ವಿಳಾಸ ನೋಡಿ ಇನ್ನೊಂದು ಪೋರ್ಟಿಗೆ ತಳ್ಳುವುದು ಅವನ ಕೆಲಸ. ಇನ್ನೊಬ್ಬ ಸಿಪಿಯು. ನಮ್ಮ ಫೋನಿನಲ್ಲಿರುವುದಕ್ಕಿಂತ ಎಷ್ಟೋ ಬಡಪಾಯಿ ಸಿಪಿಯು. ಒಂದು ಲೆಕ್ಕ ಹಾಕೋಣ. 1 ಗಿಗಾಬಿಟ್ ಪೋರ್ಟಿನಲ್ಲಿ ಅತಿ ಚಿಕ್ಕ, ಅಂದರೆ 64 ಬೈಟಿನ ಫ್ರೇಮುಗಳು ಬಂದರೆ, ಮುಂದಿನ ಪ್ರಿಯಾಂಬಲ್ 8 ಬೈಟು, ನಡುವಿನ ಖಾಲಿ ಜಾಗ 12 ಬೈಟು ಸೇರಿಸಿ ಒಂದೊಂದಕ್ಕೆ 84 ಬೈಟು, 672 ಬಿಟ್ಟು. ಸೆಕೆಂಡಿಗೆ ಸುಮಾರು 14.88 ಲಕ್ಷ ಫ್ರೇಮು. 24 ಪೋರ್ಟಿಗೆ ಮೂರೂವರೆ ಕೋಟಿಗಿಂತ ಹೆಚ್ಚು. ಆ ಪುಟ್ಟ ಸಿಪಿಯು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡ್ತಾ ಕೂತರೆ ಮುಗೀತು ಕಥೆ. ಅದಕ್ಕೇ ಸಾಮಾನ್ಯ ಟ್ರಾಫಿಕ್ ಅದರ ಹತ್ತಿರ ಹೋಗುವುದೇ ಇಲ್ಲ. ನೀವು ನೋಡುವ ಸಿನಿಮಾ, ನಿಮ್ಮ ಗೇಮು, ನಿಮ್ಮ ವಿಡಿಯೊ ಕಾಲು ಎಲ್ಲ ಏಸಿಕ್ ಮೂಲಕವೇ ಹಾದು ಹೋಗುತ್ತವೆ. ಸಿಪಿಯುಗೆ ಅವು ಗೊತ್ತೂ ಇಲ್ಲ.

ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನೆನೆಸಿಕೊಳ್ಳಿ. ಬೋರ್ಡು ಓದಿಕೊಂಡು ಜನ ತಮ್ಮ ತಮ್ಮ ಪ್ಲಾಟ್‌ಫಾರ್ಮಿಗೆ ಹೋಗಿ ಬಸ್ ಹತ್ತುತ್ತಾರೆ. ‘ವಿಚಾರಣೆ’ ಅಂತ ಬರೆದ ಕೌಂಟರ್ ಒಂದಿರುತ್ತದೆ, ಅಲ್ಲಿಗೆ ಹೋಗುವವರು ದಾರಿ ತಿಳಿಯದವರು ಮಾತ್ರ. ಹಬ್ಬದ ಹಿಂದಿನ ದಿನ ಜನ ದುಪ್ಪಟ್ಟಾದರೂ ದಾರಿ ಗೊತ್ತಿದ್ದವರೇ ಹೆಚ್ಚಿದ್ದರೆ ಆ ಕೌಂಟರಿನ ಕ್ಯೂ ಅಷ್ಟೇನೂ ಬೆಳೆಯುವುದಿಲ್ಲ. ಯಾವತ್ತಾದರೂ ಅಲ್ಲಿ ನೂರು ಜನ ನಿಂತಿದ್ದರೆ ಎಲ್ಲೋ ಬೋರ್ಡು ಬಿದ್ದು ಹೋಗಿದೆ, ಅಥವಾ ಯಾರೋ ಒಬ್ಬ ಕೇಳಿದ್ದನ್ನೇ ಮತ್ತೆ ಮತ್ತೆ ಬಂದು ಕೇಳುತ್ತಿದ್ದಾನೆ ಅಂತ ಅರ್ಥ. ಸ್ವಿಚ್ಚಿನ ಸಿಪಿಯು ಆ ವಿಚಾರಣೆ ಕೌಂಟರ್. ಸುತ್ತೋಲೆ ಹೇಳ್ತಿರೋದು ಕೌಂಟರಿನಲ್ಲಿ ಕ್ಯೂ ಇದೆ, ಹಾಗಾಗಿ ಜನ ಊರಿಗೆ ಹೋಗೋದನ್ನು ನಿಲ್ಲಿಸಲಿ ಅಂತ.

ಒಂದು ಮಾತು ನ್ಯಾಯವಾಗಿ ಒಪ್ಪಬೇಕು. ಎಲ್ಲರೂ ಒಟ್ಟಿಗೆ ವಿಡಿಯೊ ನೋಡಿದರೆ ಕಾಲೇಜಿನ ಇಂಟರ್ನೆಟ್ ಲಿಂಕ್ ತುಂಬಿಹೋಗುತ್ತದೆ, ನೆಟ್ ನಿಧಾನ ಆಗುತ್ತದೆ. ಅದು ನಿಜವಾದ ತೊಂದರೆಯೇ. ಆದರೆ ಅದರ ಲಕ್ಷಣ ಬೇರೆ. ಅಪ್‌ಲಿಂಕ್ ಪೋರ್ಟಿನ ಲೋಡು ತುದಿಗೆ ಮುಟ್ಟಿರುತ್ತದೆ, ಔಟ್‌ಪುಟ್ ಡ್ರಾಪುಗಳು ಎಣಿಕೆಗೆ ಸಿಗುತ್ತವೆ, ಸಿಪಿಯು ಮಾತ್ರ ತಣ್ಣಗೆ ಕೂತಿರುತ್ತದೆ. ಹೊಟ್ಟೆನೋವಿಗೆ ಬೇರೆ ಮಾತ್ರೆ, ಜ್ವರಕ್ಕೆ ಬೇರೆ ಮಾತ್ರೆ. ಸುತ್ತೋಲೆಯವರು ಜ್ವರದ ಥರ್ಮಾಮೀಟರ್ ತೋರಿಸಿ ಹೊಟ್ಟೆನೋವಿನ ಪಥ್ಯ ಹೇಳುತ್ತಿದ್ದಾರೆ.

ಹಾಗಾದರೆ ಸಿಪಿಯುವನ್ನು ಏರಿಸುವುದು ಯಾವುದು? ಅದನ್ನು ಊಹೆ ಮಾಡಬೇಕಿಲ್ಲ, ಸ್ವಿಚ್ಚನ್ನೇ ಕೇಳಬಹುದು. ಕಾಲೇಜುಗಳಲ್ಲಿ ಹೆಚ್ಚಾಗಿ ಕಾಣಸಿಗುವ ಸಿಸ್ಕೊ ಕ್ಯಾಟಲಿಸ್ಟ್ 2960 ಥರದ ಸ್ವಿಚ್ಚಿನಲ್ಲಿ ‘ಶೋ ಪ್ರೊಸೆಸಸ್ ಸಿಪಿಯು ಸಾರ್ಟೆಡ್’ ಅಂತ ಕೊಟ್ಟರೆ ಮೊದಲ ಸಾಲಿನಲ್ಲೇ 5 ಸೆಕೆಂಡು, 1 ನಿಮಿಷ, 5 ನಿಮಿಷದ ಸರಾಸರಿ ಬರುತ್ತದೆ. 5 ಸೆಕೆಂಡಿನದು ಮಾತ್ರ ಜೋಡಿ ಸಂಖ್ಯೆ. ಉದಾಹರಣೆಗೆ 87%/52% ಅಂತ ಇದೆ ಅನ್ನಿ. ಸ್ಲ್ಯಾಷ್‌ನ ಎಡಗಡೆಯದು ಒಟ್ಟು ಬಳಕೆ. ಬಲಗಡೆಯದು ಇಂಟರಪ್ಟ್‌ಗಳಿಗೆ ಹೋದ ಪಾಲು. ಎರಡರ ವ್ಯತ್ಯಾಸ, ಇಲ್ಲಿ 35, ಪ್ರೊಸೆಸ್‌ಗಳ ಪಾಲು. ಇಡೀ ತನಿಖೆಯ ಮೊದಲ ಕವಲು ಇದೇ. ಬಲಗಡೆಯ ಸಂಖ್ಯೆ ದೊಡ್ಡದಿದ್ದರೆ ಹಾರ್ಡ್‌ವೇರ್ ತಾನೇ ನಿಭಾಯಿಸಬೇಕಾದ ಪ್ಯಾಕೆಟ್‌ಗಳು ರಾಶಿ ರಾಶಿಯಾಗಿ ಸಿಪಿಯು ಬಾಗಿಲಿಗೆ ಬಂದು ಬೀಳುತ್ತಿವೆ. ಅದು ಚಿಕ್ಕದಿದ್ದು ವ್ಯತ್ಯಾಸ ದೊಡ್ಡದಿದ್ದರೆ ಯಾವುದೋ ಒಂದು ಪ್ರೊಸೆಸ್ ತಿನ್ನುತ್ತಿದೆ, ಅದರ ಹೆಸರು ಕೆಳಗಿನ ಪಟ್ಟಿಯ ಮೇಲ್ತುದಿಯಲ್ಲೇ ಇರುತ್ತದೆ. ಎರಡೂ ಒಟ್ಟಿಗೆ ಏರುವುದೂ ಉಂಟು. ‘ಶೇ. 99’ ಅಂತ ಒಂದೇ ಸಂಖ್ಯೆ ಬರೆದಿರುವ ಸುತ್ತೋಲೆ ಈ ಕವಲಿನ ತನಕವೂ ಹೋಗಿಲ್ಲ.

ಹೆಸರುಗಳು ತಮ್ಮ ಕಥೆ ತಾವೇ ಹೇಳುತ್ತವೆ. ‘ಎಆರ್‌ಪಿ ಇನ್‌ಪುಟ್’ ಮೇಲಿದ್ದರೆ ಯಾರೋ ಒಂದೇ ಸಮನೆ ‘ಈ ಐಪಿ ಯಾರದು, ಆ ಐಪಿ ಯಾರದು’ ಅಂತ ಕೂಗುತ್ತಿದ್ದಾರೆ. ವೈಫೈಯಲ್ಲಿ ಯಾರ್ಯಾರಿದ್ದಾರೆ ಅಂತ ತೋರಿಸುವ ಫೋನ್ ಆ್ಯಪುಗಳು ಮಾಡುವುದು ಇದನ್ನೇ. 254 ವಿಳಾಸದ ಚಿಕ್ಕ ಜಾಲದಲ್ಲಿ ಅದು ಲೆಕ್ಕಕ್ಕಿಲ್ಲ, 65,534 ವಿಳಾಸದ ಒಂದೇ ಬಯಲಿನಲ್ಲಿ ಮಾಡಿದರೆ ಗಲಾಟೆ. ‘ಐಪಿ ಇನ್‌ಪುಟ್’ ಮೇಲಿದ್ದರೆ ಐಪಿ ಪ್ಯಾಕೆಟ್‌ಗಳನ್ನು ಸಿಪಿಯುವೇ ಒಂದೊಂದಾಗಿ ನೋಡುವ ಪರಿಸ್ಥಿತಿ ಬಂದಿದೆ. ‘ಎಸ್‌ಎನ್‌ಎಂಪಿ ಎಂಜಿನ್’ ಮೇಲಿದ್ದರೆ ನಗು ಬರುತ್ತದೆ, ಯಾಕಂದ್ರೆ ಸ್ವಿಚ್ ಆರೋಗ್ಯವಾಗಿದೆಯೇ ಅಂತ ವಿಚಾರಿಸುವ ಮಾನಿಟರಿಂಗ್ ಸಾಫ್ಟ್‌ವೇರೇ ಅದಕ್ಕೆ ಆಯಾಸ ಮಾಡುತ್ತಿದೆ. ಐಸಿಯು ರೋಗಿಯನ್ನು ನೆಂಟರೆಲ್ಲ ಎಬ್ಬಿಸಿ ಎಬ್ಬಿಸಿ ‘ಹೇಗಿದ್ದೀಯಪ್ಪಾ’ ಅಂತ ಕೇಳಿದ ಹಾಗೆ. ಇನ್ನು ‘ಹಲ್ಕ್ ಎಲ್‌ಇಡಿ ಪ್ರೊಸೆಸ್’ ಅಂತ ಒಂದು ಕಾಣುತ್ತದೆ. ಹೊಸಬರು ಮೊದಲು ಹಿಡಿಯುವುದು ಅದನ್ನೇ. ಪೋರ್ಟಿನ ದೀಪ, ಲಿಂಕಿನ ಸ್ಥಿತಿ ನೋಡಿಕೊಳ್ಳುವ ಪ್ರೊಸೆಸ್ ಅದು. ಟ್ರಾಫಿಕ್ ಇರಲಿ ಬಿಡಲಿ, ಈ ಸಾಲಿನ ಸ್ವಿಚ್ಚುಗಳಲ್ಲಿ ಅದು ಯಾವಾಗಲೂ ಸ್ವಲ್ಪ ತಿನ್ನುತ್ತಲೇ ಇರುತ್ತದೆ. ಆದ್ದರಿಂದ ಚೆನ್ನಾಗಿರುವ ದಿನ ಸಿಪಿಯು ಎಷ್ಟಿರುತ್ತದೆ ಅಂತ ಬರೆದಿಟ್ಟುಕೊಳ್ಳದೆ ಕೆಟ್ಟ ದಿನದ ಸಂಖ್ಯೆಗೆ ಅರ್ಥವಿಲ್ಲ. ನಮ್ಮಲ್ಲಿ ಆ ಲೆಕ್ಕ ಯಾರಾದರೂ ಬರೆದಿಟ್ಟಿದ್ದಾರಾ ಅಂತ ಕೇಳಿದರೆ, ಉತ್ತರ ಬರಲಿಲ್ಲ.

ಇದೇ ಆಜ್ಞೆಯ ಕೊನೆಗೆ ‘ಸಾರ್ಟೆಡ್’ ಬದಲು ‘ಹಿಸ್ಟರಿ’ ಅಂತ ಹಾಕಿದರೆ ಕಳೆದ 60 ಸೆಕೆಂಡು, 60 ನಿಮಿಷ, 72 ಗಂಟೆಯ ನಕ್ಷೆ ಪರದೆ ಮೇಲೆ ನಕ್ಷತ್ರ ಚಿಹ್ನೆಗಳಲ್ಲಿ ಮೂಡುತ್ತದೆ. ನೋಡಲು ನಮ್ಮ ಅಪ್ಪಂದಿರ ಕಾಲದ ಪ್ರಿಂಟೌಟ್ ಥರ ಇದ್ದರೂ ಬಹಳ ಉಪಯೋಗದ್ದು. ಸರಿಯಾಗಿ 5 ನಿಮಿಷಕ್ಕೊಮ್ಮೆ ಮೊನೆ ಎದ್ದರೆ ಮಾನಿಟರಿಂಗ್ ಮೇಲೆ ಅನುಮಾನ ಪಡಬೇಕು. ಒಂದೇ ಒಂದು ಸಲ ಎದ್ದು ಇಳಿದಿದ್ದರೆ ಯಾರೋ ಕಾನ್ಫಿಗರೇಷನ್ ಸೇವ್ ಮಾಡಿರಬಹುದು, ಬಿಟ್ಟುಬಿಡಬೇಕು. ಎಲ್ಲರೂ ಮಲಗಿದ ಬೆಳಗಿನ ಜಾವ 4ಕ್ಕೂ ಇಳಿಯದೆ ಗೋಡೆಯ ಹಾಗೆ ನಿಂತಿದ್ದರೆ? ಆಗ ವಿಡಿಯೊ ನೋಡುವವರ ತಲೆಗೆ ಕಟ್ಟುವ ಹಾಗೇ ಇಲ್ಲ, ಅವರೂ ಗೊರಕೆ ಹೊಡೀತಿರ್ತಾರೆ. ಅದು ಲೂಪಿನ ಗುರುತು.

ಲೂಪ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಹಾಸ್ಟೆಲ್‌ನಂಥ ಜಾಗದಲ್ಲಿ ಮೊದಲ ಅನುಮಾನ ಅದರ ಮೇಲೇ. ಐಪಿ ಪ್ಯಾಕೆಟ್ಟಿಗೆ ಟಿಟಿಎಲ್ ಇದೆ, ಸುತ್ತಿ ಸುತ್ತಿ ಆಯಸ್ಸು ಮುಗಿದು ಸಾಯುತ್ತದೆ. ಈಥರ್ನೆಟ್ ಫ್ರೇಮಿಗೆ ಆಯಸ್ಸೇ ಇಲ್ಲ. ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಲೂಪಿಗೆ ಬಿದ್ದರೆ ಯಾರಾದರೂ ಕೇಬಲ್ ಕೀಳುವ ತನಕ ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿಗೂ ಎಲ್ಲ ಪೋರ್ಟಿಗೂ ನಕಲು ಹಂಚುತ್ತದೆ. ಸ್ವಿಚ್ಚಿನ ಸ್ವಂತ ಐಪಿ ಅದೇ ವಿಲ್ಯಾನ್‌ನಲ್ಲಿದ್ದರೆ ಪ್ರತಿ ನಕಲನ್ನೂ ‘ಇದು ನನಗೇನಾದ್ರೂ ಇದೆಯಾ’ ಅಂತ ಸಿಪಿಯು ತೆಗೆದು ನೋಡಬೇಕು. ಹಾಸ್ಟೆಲ್ಲಿನ ನಾಲ್ಕೂ ಬ್ಲಾಕು, ಸ್ವಿಚ್ಚಿನ ಆಡಳಿತದ ಐಪಿ, ಎಲ್ಲವನ್ನೂ ವಿಲ್ಯಾನ್ 1 ಎಂಬ ಒಂದೇ ಚಾವಡಿಯಲ್ಲಿ ಕೂರಿಸಿದರೆ ಕೂಗಾಟ ಎಲ್ಲರ ಕಿವಿಗೂ ಬೀಳುತ್ತದೆ.

ಲೂಪ್ ಮಾಡುವುದಕ್ಕೆ ಹ್ಯಾಕರ್ ಬೇಕಿಲ್ಲ. ರೂಮಿನಲ್ಲಿ ಗೋಡೆಗೆ ಎರಡು ಸಾಕೆಟ್ ಇವೆ. ಅಂಗಡಿಯಿಂದ ತಂದ ಐದು ಪೋರ್ಟಿನ ಸ್ವಿಚ್ಚನ್ನು ಎರಡಕ್ಕೂ ಚುಚ್ಚಿದರೆ ಸ್ಪೀಡು ಡಬಲ್ ಆಗುತ್ತೆ ಅಂತ ನಂಬಿದವರು ನಮ್ಮ ನಡುವೆ ಇದ್ದಾರೆ. ಗುಡಿಸುವಾಗ ಕಳಚಿದ ಕೇಬಲ್ಲಿನ ಎರಡೂ ತುದಿಯನ್ನು ಒಂದೇ ಪೆಟ್ಟಿಗೆಗೆ ಸಿಕ್ಕಿಸಿಟ್ಟವರೂ ಇರುತ್ತಾರೆ. ಮನೆಯಿಂದ ತಂದ ವೈಫೈ ರೂಟರಿನದು ಇನ್ನೊಂದು ಅವತಾರ, ಅದು ತಾನೇ ಐಪಿ ಹಂಚಲು ಶುರು ಮಾಡಿ ಇಡೀ ಮಹಡಿಯನ್ನು ದಾರಿ ತಪ್ಪಿಸುತ್ತದೆ, ಆದರೆ ಅದು ಸಿಪಿಯುವಿನ ಕಥೆಯಲ್ಲ.

ಇದಕ್ಕೆ ಮದ್ದು 1985ರಲ್ಲೇ ಹುಟ್ಟಿತು. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ ಸ್ಪ್ಯಾನಿಂಗ್ ಟ್ರೀ ಪ್ರೊಟೊಕಾಲ್ ಕೊಟ್ಟರು. ಸ್ವಿಚ್ಚುಗಳು ತಮ್ಮ ತಮ್ಮಲ್ಲೇ ಬಿಪಿಡಿಯು ಎಂಬ ಪುಟ್ಟ ಸಂದೇಶಗಳನ್ನು 2 ಸೆಕೆಂಡಿಗೊಮ್ಮೆ ಕಳಿಸಿಕೊಂಡು, ಸುತ್ತು ಬರುವ ದಾರಿಗಳನ್ನು ಮುಚ್ಚಿ, ಜಾಲವನ್ನು ಮರದ ಆಕಾರಕ್ಕೆ ತರುತ್ತವೆ. (ಡಿಎಎ ಲ್ಯಾಬಿನಲ್ಲಿ ಕ್ರಸ್ಕಲ್, ಪ್ರಿಮ್ ಬರೆದು ವೈವಾದಲ್ಲಿ ಬೆವರಿಳಿಸಿದವರಿಗೆ ಒಂದು ಮಾತು: ಕಾರಿಡಾರಿನ ಸ್ವಿಚ್ ಕಟ್ಟುವುದು ಮಿನಿಮಮ್ ಸ್ಪ್ಯಾನಿಂಗ್ ಟ್ರೀ ಅಲ್ಲ, ರೂಟ್‌ಗೆ ಹತ್ತಿರದ ದಾರಿಗಳ ಮರ. ಈ ಪ್ರಶ್ನೆ ವೈವಾದಲ್ಲಿ ಯಾಕೆ ಕೇಳಲ್ಲವೋ.) ತಮಾಷೆ ಅಂದ್ರೆ ಈ ಬಿಪಿಡಿಯುಗಳನ್ನು ನೋಡಿಕೊಳ್ಳುವುದೂ ಅದೇ ಸಿಪಿಯು. ಅದು ಉಸಿರುಗಟ್ಟಿ ಕೂತಿದ್ದಾಗ ಬಿಪಿಡಿಯು ಕಳಿಸುವುದು ತಪ್ಪುತ್ತದೆ. ಹಳೆಯ ಪ್ರೊಟೊಕಾಲಿನಲ್ಲಿ 20 ಸೆಕೆಂಡು ಸುದ್ದಿ ಬರದಿದ್ದರೆ ಆಚೆ ಬದಿಯ ಸ್ವಿಚ್ ಆ ದಾರಿ ಹೋಯಿತೆಂದು ತಿಳಿದು, ಮುಚ್ಚಿದ್ದ ಪೋರ್ಟನ್ನು ತೆರೆಯುವ ಕೆಲಸ ಶುರು ಮಾಡುತ್ತದೆ. ತೆರೆದ ಕೂಡಲೇ ಹೊಸ ಲೂಪು. ಸಿಪಿಯು ಇನ್ನೂ ಮೇಲೆ. ಒಂದು ರೂಮಿನ ತಂಟೆ ಇಡೀ ಕ್ಯಾಂಪಸ್ಸಿಗೆ ಹಬ್ಬುವುದು ಹೀಗೆ.

ಬಳಸುವವರನ್ನು ಬೈದು ಸುಮ್ಮನಾಗುವುದು ಎಷ್ಟು ದುಬಾರಿ ಅಂತ ತಿಳಿಯಬೇಕಿದ್ದರೆ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಪ್ರಕರಣ ಓದಬೇಕು. ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ ದೊಡ್ಡ ಬೋಧನಾ ಆಸ್ಪತ್ರೆ ಅದು. 2002ರ ನವೆಂಬರ್ 13ರಂದು ಅಲ್ಲಿನ ಜಾಲ ತೆವಳತೊಡಗಿತು. ಸುಮಾರು ನಾಲ್ಕು ದಿನ ಅದು ಏಳುತ್ತಾ ಬೀಳುತ್ತಾ ಇತ್ತು, ಲ್ಯಾಬ್ ವರದಿ, ಔಷಧಿ ಚೀಟಿ ಎಲ್ಲ ಕಾಗದಕ್ಕೆ ಇಳಿಯಿತು. ಸಂಶೋಧಕರೊಬ್ಬರು ಭಾರಿ ಗಾತ್ರದ ಡೇಟಾವನ್ನು ಜಾಲಕ್ಕೆ ಬಿಟ್ಟಿದ್ದು ಕಿಡಿ ಹಚ್ಚಿತು ಎಂಬುದು ನಿಜ. ಅಲ್ಲಿಗೇ ನಿಲ್ಲಿಸಿದ್ದರೆ ‘ದೊಡ್ಡ ಫೈಲ್ ಕಳಿಸಬೇಡಿ’ ಅಂತ ಒಂದು ಸುತ್ತೋಲೆ ಬಂದು ಮುಗಿಯುತ್ತಿತ್ತು. ಹುಡುಕಿದಾಗ ಸಿಕ್ಕಿದ್ದೇ ಬೇರೆ. ವರ್ಷಗಟ್ಟಲೆ ಒಂದಕ್ಕೊಂದು ಸ್ವಿಚ್ ಪೋಣಿಸುತ್ತಾ ಹೋಗಿ ಜಾಲದ ಉದ್ದ ಸ್ಪ್ಯಾನಿಂಗ್ ಟ್ರೀಯ ಮಿತಿಯನ್ನೇ ದಾಟಿತ್ತು. ಈ ತುದಿಯಿಂದ ಆ ತುದಿಗೆ 7 ಸ್ವಿಚ್ಚಿಗಿಂತ ಹೆಚ್ಚು ಇರಬಾರದು ಎಂಬ ಲೆಕ್ಕದ ಮೇಲೆ ಆ ಪ್ರೊಟೊಕಾಲಿನ ಡೀಫಾಲ್ಟ್ ಟೈಮರುಗಳು ನಿಂತಿವೆ. ಒತ್ತಡ ಬಿದ್ದ ದಿನ ಮರ ಮುರಿದು ಲೂಪಾಯಿತು. ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಹಲಾಮ್ಕಾ ಇದನ್ನು ಮುಚ್ಚಿಡದೆ ಊರಿಗೆಲ್ಲ ತಿಳಿಯುವಂತೆ ಹೇಳಿಕೊಂಡರು, ಜಾಲವನ್ನು ಹೊಸದಾಗಿ ಕಟ್ಟಿಸಿದರು. ಡೇಟಾ ಕಳಿಸುವುದು ಸಂಶೋಧಕರ ಕೆಲಸ, ಅದನ್ನು ತಾಳಿಕೊಳ್ಳುವುದು ಜಾಲದ ಕೆಲಸ. ನಮ್ಮ ಹಾಸ್ಟೆಲ್‌ನಲ್ಲೂ ಹೊಸ ಬ್ಲಾಕ್ ಎದ್ದಾಗಲೆಲ್ಲ ಹಳೆಯ ಬ್ಲಾಕಿನ ಕೊನೆಯ ಸ್ವಿಚ್ಚಿನಿಂದ ಒಂದು ಕೇಬಲ್ ಎಳೆದಿದ್ದಾರೆ. ಎಷ್ಟು ಉದ್ದ ಆಗಿದೆ ಅಂತ ಕಾರಿಡಾರಿನಲ್ಲಿ ನಡೆದು ಎಣಿಸಿದರೇ ಗೊತ್ತಾಗುತ್ತದೆ.

ಈಗ ರೀಬೂಟ್ ವಿಷಯ. ನೆಟ್ ಹೋಯ್ತು ಅಂದ ಕೂಡಲೇ ಮೆಟ್ಟಿಲ ಕೆಳಗಿನ ರ‍್ಯಾಕಿನ ಬೀಗ ತೆಗೆದು ಪವರ್ ಆಫ್ ಆನ್ ಮಾಡುವುದು ನಮ್ಮಲ್ಲಿ ಸಂಪ್ರದಾಯ. ಎಷ್ಟೋ ಸಲ ಸರಿಯೂ ಹೋಗುತ್ತದೆ, ಅದೇ ಕಷ್ಟ. ಲಾಗ್ ಇರುವುದು ಸ್ವಿಚ್ಚಿನ ರ‍್ಯಾಮಿನಲ್ಲಿ. ಪವರ್ ತೆಗೆದರೆ ಕಳ್ಳನ ಹೆಜ್ಜೆ ಗುರುತಿನ ಮೇಲೆ ನೀರು ಹೊಯ್ದ ಹಾಗೆ. ಆ ಲಾಗಿನಲ್ಲಿ ‘ಮ್ಯಾಕ್ ಫ್ಲ್ಯಾಪ್’ ಎಂಬ ಒಂದು ಸಾಲು ಸಿಕ್ಕರೆ ಸಾಕು. ಒಂದೇ ಮ್ಯಾಕ್ ವಿಳಾಸ ಈಗ ಪೋರ್ಟ್ 7ರಲ್ಲಿ, ಮರುಕ್ಷಣ ಪೋರ್ಟ್ 19ರಲ್ಲಿ ಕಾಣುತ್ತಿದೆ ಅಂತ ಎರಡೂ ಪೋರ್ಟಿನ ಹೆಸರು ಹಿಡಿದು ಅದು ಹೇಳುತ್ತದೆ. ‘ಶೋ ಸ್ಪ್ಯಾನಿಂಗ್ ಟ್ರೀ ಡೀಟೇಲ್’ ಕೊಟ್ಟರೆ ಮರದ ಆಕಾರ ಎಷ್ಟು ಸಲ ಬದಲಾಯಿತು, ಕೊನೆಯ ಬದಲಾವಣೆ ಎಷ್ಟು ಹೊತ್ತಿನ ಕೆಳಗೆ, ಯಾವ ಪೋರ್ಟಿನ ಕಡೆಯಿಂದ ಬಂತು ಎಂಬುದೂ ಸಿಗುತ್ತದೆ. ಆ ಪೋರ್ಟಿನಾಚೆ ಇನ್ನೊಂದು ಸ್ವಿಚ್ ಇದ್ದರೆ ಅಲ್ಲಿಗೆ ಹೋಗಿ ಅದೇ ಪ್ರಶ್ನೆ. ಹೀಗೆ ಹೆಜ್ಜೆ ಹೆಜ್ಜೆಗೆ ರೂಮಿನ ಬಾಗಿಲ ತನಕ ಹೋಗಬಹುದು.

ಸ್ವಿಚ್ ಲಾಗಿನ್ನಿಗೂ ಬಗ್ಗದಷ್ಟು ಸುಸ್ತಾಗಿದ್ದರೆ? ಆಗಲೂ ಮೊದಲು ಕನ್ಸೋಲ್ ಕೇಬಲ್ ಹಾಕಿ ನೋಡಬೇಕು. ಅದೂ ಆಗದಿದ್ದರೆ ಮಹಡಿಗಳ ಅಪ್‌ಲಿಂಕ್ ಅರ್ಧ ತೆಗೆದು ನೋಡುವುದು, ಇಳಿಯದಿದ್ದರೆ ಉಳಿದರ್ಧ. ಬೈನರಿ ಸರ್ಚ್ ಸ್ವಾಮಿ, ಎರಡನೇ ವರ್ಷದಲ್ಲೇ ಕಲಿತದ್ದು! 16 ಸ್ವಿಚ್ ಇದ್ದರೆ 4 ಸಲಕ್ಕೆ ಜಾಗ ಸಿಗುತ್ತದೆ. ಎಲ್ಲ ಪೋರ್ಟಿನ ದೀಪಗಳೂ ಒಂದೇ ತಾಳಕ್ಕೆ ಪಟಪಟ ಅಂತಿದ್ದರೆ ಲೂಪ್ ಇದೆ ಅಂತ ಕಣ್ಣಿಗೇ ಕಾಣುತ್ತದೆ. ಒಂದು ಎಚ್ಚರಿಕೆ ಮಾತ್ರ: ಸಿಪಿಯು ಮೇಲಿದ್ದಾಗ ಡೀಬಗ್ ಆಜ್ಞೆ ಹಾಕುವುದು ಉರಿಯುವ ಒಲೆಗೆ ಸೀಮೆಎಣ್ಣೆ ಸುರಿದಂತೆ, ಇರುವ ಉಸಿರೂ ನಿಲ್ಲುತ್ತದೆ. ಲಾಗುಗಳನ್ನು ಆಗಿಂದಾಗಲೇ ಬೇರೊಂದು ಮೆಷಿನ್ನಿಗೆ ಕಳಿಸುವ ಏರ್ಪಾಡು ಇದ್ದರೆ ರೀಬೂಟ್ ಮಾಡಿದರೂ ಪುರಾವೆ ಉಳಿಯುತ್ತದೆ. ಅದಕ್ಕೆ ಲ್ಯಾಬಿನ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆ ಪಿಸಿ ಸಾಕು.

ಇಷ್ಟೆಲ್ಲ ಗೊತ್ತಿರಬೇಕಾದವರು ಯಾರು? ಇಡೀ ಕ್ಯಾಂಪಸ್ಸಿಗೆ ಇರುವುದು ಒಬ್ಬರೇ ನೆಟ್‌ವರ್ಕ್ ಸರ್. ಅವರ ತಲೆ ಮೇಲೆ ಸಿಸಿಟಿವಿ ಇದೆ, ಬಯೋಮೆಟ್ರಿಕ್ ಇದೆ, ಪ್ರೊಜೆಕ್ಟರ್ ಕೈಕೊಟ್ಟರೂ ಅವರನ್ನೇ ಕರೆಯುತ್ತಾರೆ. ರಾತ್ರಿ 10 ಗಂಟೆಗೆ ವಾರ್ಡನ್ ಫೋನ್ ಮಾಡಿದರೆ ಅವರು ರೀಬೂಟ್ ಮಾಡಿಸದೆ ಇನ್ನೇನು ಮಾಡಿಯಾರು? ಅವರ ಮೇಲೆ ನಮಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಇಷ್ಟು ಕೈಗಳಿದ್ದೂ ಅವನ್ನು ಬಳಸದ ವ್ಯವಸ್ಥೆಯ ಮೇಲೆ. ವಿಟಿಯು ಸಿಲಬಸ್ಸಿನ ನೆಟ್‌ವರ್ಕ್ ಲ್ಯಾಬಿನಲ್ಲಿ ಎನ್‌ಎಸ್ 2, ಎನ್‌ಎಸ್ 3 ಸಿಮ್ಯುಲೇಟರ್ ಓಡಿಸುತ್ತೇವೆ, ಸಿಆರ್‌ಸಿ, ಬೆಲ್‌ಮನ್ ಫೋರ್ಡ್, ಲೀಕಿ ಬಕೆಟ್ ಪ್ರೋಗ್ರಾಂ ಬರೆಯುತ್ತೇವೆ. ಅವು ಬೇಡ ಅನ್ನುವುದಿಲ್ಲ. ಆದರೆ ಆ ಲ್ಯಾಬಿನಲ್ಲಿ ಜಾಲ ಎಂದೂ ಕೆಡುವುದಿಲ್ಲ. ಔಟ್‌ಪುಟ್ ಏನು ಬರಬೇಕೆಂದು ಮೊದಲೇ ಗೊತ್ತು, ಬರದಿದ್ದರೆ ಪಕ್ಕದವರ ಕೋಡ್ ಇದೆ. ಕೆಟ್ಟು ಕೂತ ಜಾಲದ ಮುಂದೆ ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ನಾಲ್ಕು ವರ್ಷದಲ್ಲಿ ಒಂದು ಸಲವೂ ಕಲಿಯದೆ ಡಿಗ್ರಿ ಹಿಡಿದು ಹೋಗುತ್ತೇವೆ. ಹತ್ತು ಹೆಜ್ಜೆ ದೂರದಲ್ಲಿ, ಮೆಟ್ಟಿಲ ಕೆಳಗೆ, ನಿಜವಾದ ಲ್ಯಾಬ್ ಬೀಗ ಹಾಕಿಕೊಂಡು ಮಿಣುಕುತ್ತಿರುತ್ತದೆ.

ವಿದ್ಯಾರ್ಥಿಗಳ ಕೈಗೆ ಸ್ವಿಚ್ ಕೊಟ್ಟರೆ ಹಾಳು ಮಾಡುತ್ತಾರೆ ಅನ್ನುವ ಉತ್ತರ ಬರುತ್ತದೆ ಅಂತ ಗೊತ್ತು. ನಾವು ಬದಲಾಯಿಸುವ ಅಧಿಕಾರ ಕೇಳುತ್ತಿಲ್ಲ, ನೋಡುವ ಅಧಿಕಾರ ಮಾತ್ರ. ಬರೀ ಓದಲು ಬಿಡುವ ಲಾಗಿನ್ ಒಂದನ್ನು ಮಹಡಿಗೆ ಇಬ್ಬರಿಗೆ ಕೊಡಲಿ. ಸ್ಟೋರ್ ರೂಮಿನಲ್ಲಿ ಬಿದ್ದಿರುವ ಹಳೆಯ ಸ್ವಿಚ್ಚುಗಳಲ್ಲಿ ಎರಡನ್ನು ಲ್ಯಾಬಿಗೆ ಕೊಡಲಿ, ಅದರಲ್ಲಿ ಬೇಕಂತಲೇ ಲೂಪ್ ಮಾಡಿ ಸಿಪಿಯು ಏರುವುದನ್ನು ನೋಡೋಣ. ಅವನ್ನು ಕ್ಯಾಂಪಸ್ ಜಾಲಕ್ಕೆ ಸೇರಿಸುವ ಅಗತ್ಯವೇ ಇಲ್ಲ. ರೂಮಿನ ಪೋರ್ಟುಗಳಿಗೆ ಬಿಪಿಡಿಯು ಗಾರ್ಡ್ ಹಾಕಲಿ, ಆ ಪೋರ್ಟಿಗೆ ಬಿಪಿಡಿಯು ಬಂದ ಕೂಡಲೇ ಆ ಒಂದು ರೂಮು ಮಾತ್ರ ಕತ್ತಲಾಗುತ್ತದೆ, ಉಳಿದವರು ಟೆಸ್ಟ್ ಬರೆಯುತ್ತಿರಬಹುದು. ಕೆಲವು ಅಗ್ಗದ ಪೆಟ್ಟಿಗೆಗಳು ಬಿಪಿಡಿಯುವನ್ನೇ ನುಂಗಿಬಿಡುತ್ತವೆ, ಅದಕ್ಕೆ ಜೊತೆಗೆ ಸ್ಟಾರ್ಮ್ ಕಂಟ್ರೋಲ್ ಬೇಕು. ಮಹಡಿಗೊಂದು ವಿಲ್ಯಾನ್ ಮಾಡಿ ಸ್ವಿಚ್ಚಿನ ಆಡಳಿತದ ಐಪಿಯನ್ನು ಬೇರೆ ವಿಲ್ಯಾನ್‌ಗೆ ಒಯ್ದರೆ ಕೂಗಾಟ ಸಿಪಿಯು ಕಿವಿಗೇ ಬೀಳುವುದಿಲ್ಲ. ಇವೆಲ್ಲ ಈಗಿರುವ ಸ್ವಿಚ್ಚಿನಲ್ಲೇ ಇರುವ ಸೌಲಭ್ಯಗಳು, ಒಂದು ಭಾನುವಾರದಲ್ಲಿ ಶುರು ಮಾಡಬಹುದಾದ ಕೆಲಸ.

ನಮ್ಮವರಿಗೂ ಒಂದು ಮಾತು ಹೇಳಬೇಕು. ಕಾಲೇಜು ದಂಡ ಹಾಕುತ್ತೆ ಅಂತ ಲೂಪ್ ಮಾಡಿದ ಪೆಟ್ಟಿಗೆಯನ್ನು ಹಾಸಿಗೆ ಕೆಳಗೆ ತಳ್ಳಿ, ಸರ್ ಬಂದಾಗ ‘ನಮ್ ರೂಮಲ್ಲಿ ಏನಿಲ್ಲ ಸರ್’ ಅನ್ನುವುದು ಮಾಮೂಲಾಗಿದೆ. ಸರ್ ಆ ಕಡೆ ಹೋದ ಮೇಲೆ ಪೆಟ್ಟಿಗೆ ಮತ್ತೆ ಗೋಡೆಗೆ. ರೀಬೂಟ್ ಮಾಡಿದ್ದಕ್ಕೇ ಸರಿಹೋಯಿತು ಎಂಬ ನಂಬಿಕೆ ಬೆಳೆಯುವುದು ಇಂಥದ್ದರಿಂದಲೂ. ದಂಡ ಇರುವ ತನಕ ಇದು ನಿಲ್ಲುವುದಿಲ್ಲ ಅಂತ ನಮಗನಿಸುತ್ತದೆ. ತಾನಾಗಿ ಬಂದು ‘ನಮ್ ರೂಮಿನ ಸ್ವಿಚ್ಚೇ ಇರ್ಬೇಕು, ನೋಡಿ’ ಅಂದವರಿಗೆ ದಂಡ ಇಲ್ಲ ಅಂತ ಕಾಲೇಜು ಒಂದು ಸಾಲು ಬರೆದರೆ ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ. ಮತ್ತೆ ನೆಟ್ ಹೋದಾಗ ಗ್ರೂಪಿನಲ್ಲಿ ಬರೀ ‘ನೆಟ್ ಇಲ್ಲ’ ಅಂತ ಐವತ್ತು ಮೆಸೇಜ್ ಹಾಕುವ ಬದಲು ಎಷ್ಟು ಗಂಟೆಗೆ ಹೋಯಿತು, ಯಾವ ಮಹಡಿ, ವೈರಿನಲ್ಲೂ ಇಲ್ಲವೋ ವೈಫೈ ಮಾತ್ರವೋ, ಗೇಟ್‌ವೇಗೆ ಪಿಂಗ್ ಹೋಗುತ್ತಿದೆಯೋ ಅಂತ ನಾಲ್ಕು ವಿಷಯ ಬರೆಯಿರಿ. ಆ 72 ಗಂಟೆಯ ನಕ್ಷೆಯ ಪಕ್ಕದಲ್ಲಿಟ್ಟು ನೋಡುವವರಿಗೆ ಅದು ಚಿನ್ನ.

ಸುತ್ತೋಲೆಗೆ ಉತ್ತರವಾಗಿ ಕ್ಲಬ್ಬಿನಿಂದ ಪ್ರಾಂಶುಪಾಲರಿಗೆ ಒಂದು ಮನವಿ ಬರೆದಿದ್ದೇವೆ. ಮೇಲೆ ಹೇಳಿದ್ದೆಲ್ಲ ಅದರಲ್ಲಿ ಚಿಕ್ಕದಾಗಿ ಇದೆ. ನೆಟ್ ಬಂದ್ ಮಾಡುವ ಮೊದಲು ಎರಡು ಸಂಖ್ಯೆಯನ್ನು ನೋಟಿಸ್ ಬೋರ್ಡಿಗೆ ಹಾಕಿ ಅಂತಲೂ ಕೇಳಿದ್ದೇವೆ: ಜಾಲ ಕೆಟ್ಟ ರಾತ್ರಿ ಸ್ಲ್ಯಾಷ್‌ನ ಎಡಗಡೆ ಎಷ್ಟಿತ್ತು, ಬಲಗಡೆ ಎಷ್ಟಿತ್ತು. ಜೊತೆಗೆ ಅದೇ ಹೊತ್ತಿಗೆ ಅಪ್‌ಲಿಂಕಿನಲ್ಲಿ ಎಷ್ಟು ಟ್ರಾಫಿಕ್ ಇತ್ತು ಅಂತ. ಅಪ್‌ಲಿಂಕ್ ತುಂಬಿತ್ತು ಅಂತ ತೋರಿಸಿದರೆ ವಿಡಿಯೊಗೆ ಮಿತಿ ಹಾಕುವ ಬಗ್ಗೆ ಮಾತಾಡಲು ನಾವೇ ಮೊದಲು ಬರುತ್ತೇವೆ. ಸಹಿ ಹಾಕುವವರು ಶುಕ್ರವಾರ ಸಂಜೆ 5ರ ಮೇಲೆ ಕ್ಲಬ್ ರೂಮಿಗೆ ಬನ್ನಿ, ಬರುವಾಗ ನಿಮ್ಮ ಮಹಡಿಯಲ್ಲಿ ಎಷ್ಟು ಸ್ವಿಚ್ ಇವೆ, ಒಂದರಿಂದ ಒಂದಕ್ಕೆ ಹೇಗೆ ಸೇರಿವೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.